ಮೇಜಿನ ಅಡಿಗೂ ಬಗ್ಗಿ ನೋಡಿ

ಒಳ್ಳೆಯ ಮರಗೆಲಸ ಕಣ್ಣಿಗೆ ಬಿದ್ದರೆ ನಿಮ್ಮಲ್ಲಿ ಬಹಳ ಮಂದಿ ಮೊದಲು ಫೋನ್ ತೆಗೆಯುತ್ತೀರಿ. ಫೋಟೊ ಹೊಡೆದುಕೊಳ್ಳಿ, ಬೇಡ ಅನ್ನುವುದಿಲ್ಲ. ಆಮೇಲೆ ಫೋನನ್ನು ಜೇಬಿಗೆ ಹಾಕಿ ಸ್ವಲ್ಪ ಹೊತ್ತು ಅಲ್ಲೇ ಇರಿ. ಹಲಗೆಯ ಅಂಚಿನ ಮೇಲೆ ಬೆರಳಾಡಿಸಿ. ಡ್ರಾಯರ್ ಇದ್ದರೆ ಪೂರ್ತಿ ಹೊರಗೆಳೆದು ಅದರ ಹಿಂಬದಿ ನೋಡಿ. ಮೇಜಾದರೆ ಮೊಣಕಾಲೂರಿ ಅಡಿಗೆ ಬಗ್ಗಿ ನೋಡಿ. ಕುರ್ಚಿಯಾದರೆ ಮನೆಯವರ ಒಪ್ಪಿಗೆ ಕೇಳಿ ತಲೆಕೆಳಗು ಮಾಡಿ ನೋಡಿ. ಕೆಲಸಗಾರ ಎಷ್ಟು ಗಟ್ಟಿಗ ಎಂಬುದು ಅಲ್ಲಿ ಗೊತ್ತಾಗುತ್ತದೆ, ಮೇಲಿನ ಪಾಲಿಶ್‌ನಲ್ಲಿ ಗೊತ್ತಾಗುವುದಿಲ್ಲ.

ಬಡಗಿ ಕೆಲಸ ಕಲಿಸುತ್ತಲೇ ತಲೆ ನರೆತವನು ನಾನು. ಐಟಿಐಗೆ ಬಂದ ಮಕ್ಕಳಿಗೆ ಉಳಿ ಮಸೆಯುವುದನ್ನು, ಮೂಲೆಮಟ್ಟ ಇಟ್ಟು ಗೆರೆ ಎಳೆಯುವುದನ್ನು, ಉಜ್ಜುಗೊರಡು ಹಿಡಿಯುವುದನ್ನು ಹೇಳಿಕೊಟ್ಟೆ. ಇವೆಲ್ಲ ಸಿಲೆಬಸ್ಸಿನಲ್ಲಿದ್ದವು. ಅದರಲ್ಲಿ ಇಲ್ಲದ ಒಂದು ಪಾಠವನ್ನು ಈಗ ನಿಮಗೆ ಹೇಳಬೇಕೆನಿಸಿದೆ: ಇನ್ನೊಬ್ಬರ ಒಳ್ಳೆಯ ಕೆಲಸವನ್ನು ಸರಿಯಾಗಿ ಮೆಚ್ಚುವುದು. ಕೈ ಚೆನ್ನಾಗಿ ಪಳಗಿದ್ದೂ ಒಂದು ಹಂತದಲ್ಲಿ ನಿಂತುಬಿಟ್ಟ ಹುಡುಗರನ್ನು ನಾನು ಕಂಡಿದ್ದೇನೆ. ತಮಗಿಂತ ದೊಡ್ಡ ಕೆಲಸಗಾರರ ಮುಂದೆ ಅವರು ಎಂದೂ ಸಾವಧಾನವಾಗಿ ನಿಂತವರೇ ಅಲ್ಲ. ‘ಚೆನ್ನಾಗಿದೆ ಸಾರ್’ ಎಂದು ಮುಂದೆ ಹೋಗುತ್ತಿದ್ದರು. ಯಾಕೆ ಚೆನ್ನಾಗಿದೆ, ಎಲ್ಲಿ ಚೆನ್ನಾಗಿದೆ, ಹಾಗೆ ಮಾಡಲು ಆತ ಏನನ್ನು ಬಿಟ್ಟುಕೊಟ್ಟ ಎಂದು ಕೇಳಿಕೊಳ್ಳುತ್ತಿರಲಿಲ್ಲ. ಕೈ ಪಳಗಿದರೂ ಕಣ್ಣು ಬೆಳೆಯಲಿಲ್ಲ.

ಮೆಚ್ಚುವುದನ್ನು ಕಲಿಯಲು ಯಾರ ಕೆಲಸ ನೋಡಬೇಕು ಎಂದು ಕೇಳಿದವರಿಗೆಲ್ಲ ನಾನು ಹೇಳುತ್ತ ಬಂದಿರುವ ಹೆಸರು ಜಾರ್ಜ್ ನಕಾಶಿಮಾ. ಅಮೆರಿಕದವರು. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಎಂಬಲ್ಲಿ 1905ರಲ್ಲಿ ಜಪಾನಿ ತಂದೆತಾಯಿಗೆ ಹುಟ್ಟಿದರು, 1990ರಲ್ಲಿ ತೀರಿಕೊಂಡರು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಮೇಜು, ಒಂದೊಂದು ಕುರ್ಚಿ ಎಂದು ಆರ್ಡರ್ ಹಿಡಿದು ಮಾಡಿಕೊಡುತ್ತಿದ್ದ ಬಡಗಿ. ಅಮೆರಿಕದವರ ಹೆಸರನ್ನು ನಿಮಗ್ಯಾಕೆ ಹೇಳುತ್ತಿದ್ದೇನೆ ಎಂದರೆ, ಅವರ ಬದುಕಿನ ಒಂದು ಮುಖ್ಯ ತಿರುವು ನಮ್ಮ ನೆರೆಯ ಪಾಂಡಿಚೇರಿಯಲ್ಲೇ ಆಯಿತು. ಜೊತೆಗೆ, ಇವತ್ತು ಬೆಂಗಳೂರಿನ ಶೋರೂಮುಗಳಲ್ಲಿ ನೀವು ನೋಡುವ, ಮರದ ಸಹಜ ಅಂಚನ್ನು ಹಾಗೇ ಉಳಿಸಿದ ಮೇಜುಗಳಿಗೆಲ್ಲ ದೊಡ್ಡಪ್ಪನ ಸ್ಥಾನದಲ್ಲಿ ಇರುವವರು ಅವರೇ.

ಓದಿದ್ದು ವಾಸ್ತುಶಿಲ್ಪ. ಮೊದಲು ಅರಣ್ಯಶಾಸ್ತ್ರಕ್ಕೆ ಸೇರಿ ಆಮೇಲೆ ವಾಸ್ತುಶಿಲ್ಪಕ್ಕೆ ಬದಲಾಯಿಸಿಕೊಂಡು, ಎಂಐಟಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಪ್ರಪಂಚ ಸುತ್ತಿ, ಟೋಕಿಯೊದಲ್ಲಿ ಆಂಟನಿನ್ ರೇಮಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿ ಸೇರಿದರು. ಆ ಕಚೇರಿಗೆ ಪಾಂಡಿಚೇರಿಯ ಶ್ರೀ ಅರವಿಂದಾಶ್ರಮದಿಂದ ಒಂದು ವಸತಿಗೃಹ ಕಟ್ಟುವ ಕೆಲಸ ಬಂತು. 1937ರಲ್ಲಿ ನಕಾಶಿಮಾ ಅದರ ಉಸ್ತುವಾರಿಗೆ ಬಂದರು. ಹೈದರಾಬಾದಿನ ದಿವಾನರಾಗಿದ್ದ ಸರ್ ಅಕ್ಬರ್ ಹೈದರಿಯವರ ಮೂಲಕ ನಿಜಾಮರಿಂದ ಬಂದ ಹಣದ ನೆನಪಿಗೆ ಆ ಕಟ್ಟಡಕ್ಕೆ ಗೋಲ್ಕೊಂಡ ಎಂದು ಹೆಸರಾಯಿತು. ಭಾರತದಲ್ಲಿ ಬಲವರ್ಧಿತ ಕಾಂಕ್ರೀಟಿನಲ್ಲಿ ಎದ್ದ ಮೊದಮೊದಲ ಆಧುನಿಕ ಕಟ್ಟಡಗಳಲ್ಲಿ ಅದೂ ಒಂದು. ಹೊರಗೋಡೆಯಿಡೀ ತೆರೆದು ಮುಚ್ಚಬಹುದಾದ ಅಡ್ಡಪಟ್ಟಿಗಳು. ಒಳಗೆ ತೇಗದ ಪಟ್ಟಿಗಳಿಂದ ಮಾಡಿದ, ಗಾಳಿಯಾಡುವ ಜಾರುಬಾಗಿಲುಗಳು. ಕೆಲಸಕ್ಕೆ ಆಶ್ರಮವಾಸಿಗಳೇ ಕೈ ಹಾಕಿದರು. ಎಲ್ಲಿಯೂ ಅವಸರವಿಲ್ಲ. ಸರಿಯಾಗಿ ಆಗುವವರೆಗೆ ಮಾಡುವುದು ಎಂಬುದಷ್ಟೇ ನಿಯಮ. ನಕಾಶಿಮಾ ಸಂಬಳ ಬೇಡವೆಂದು ಆಶ್ರಮದ ಸಾಧಕರೇ ಆದರು. ಸುಂದರಾನಂದ ಎಂಬ ಹೆಸರು ಅವರಿಗೆ ಸಿಕ್ಕಿದ್ದು ಅಲ್ಲಿಯೇ. 1939ರಲ್ಲಿ ಹೊರಟು ಜಪಾನಿಗೂ ಅಲ್ಲಿಂದ ಅಮೆರಿಕಕ್ಕೂ ಹೋದರೂ, ಕೆಲಸವನ್ನು ಸಾಧನೆಯಂತೆ ಮಾಡುವ ಆ ರೂಢಿ ಅವರನ್ನು ಕೊನೆಯವರೆಗೆ ಬಿಡಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕಕ್ಕೆ ಮರಳಿದ ಮೇಲೆ ಅವರು ಕ್ಯಾಲಿಫೋರ್ನಿಯಾದಲ್ಲಿ ಫ್ರಾಂಕ್ ಲಾಯ್ಡ್ ರೈಟ್ ಅವರ ಒಂದು ಮನೆ ಏಳುತ್ತಿರುವುದನ್ನು ನೋಡಲು ಹೋದರು. ರೈಟ್ ಅಂದರೆ ಆ ಕಾಲದ ವಾಸ್ತುಶಿಲ್ಪಿಗಳೆಲ್ಲ ತಲೆಬಾಗುತ್ತಿದ್ದ ಹೆಸರು. ನಕ್ಷೆ ಮಾತ್ರ ನೋಡಿದ್ದರೆ ಅವರೂ ತಲೆಬಾಗಿ ಬರುತ್ತಿದ್ದರೇನೋ. ಅವರು ನಕ್ಷೆಯ ಜೊತೆಗೆ ಕೆಲಸವನ್ನೂ ನೋಡಿದರು. ಗಾರೆ, ಮರ, ಸೇರುವ ಸಂದುಗಳು ಎಲ್ಲವನ್ನೂ ನೋಡಿದರು. ಕೈಕೆಲಸ ಅವರಿಗೆ ಒಪ್ಪಿಗೆಯಾಗಲಿಲ್ಲ, ಬೇಸರವಾಯಿತು. ಕಾಗದದ ಮೇಲೆ ಬರೆದುಕೊಟ್ಟದ್ದು ಇನ್ನೊಬ್ಬರ ಕೈಯಲ್ಲಿ ಹೀಗಾಗುವುದಾದರೆ, ಮೊದಲಿಂದ ಕೊನೆಯವರೆಗೆ ತಾನೇ ನಿಂತು ಮಾಡಬಹುದಾದ ಕೆಲಸ ಹಿಡಿಯುತ್ತೇನೆ ಎಂದು ನಿರ್ಧರಿಸಿದರು. ಮರದ ಕೆಲಸ ಹಿಡಿದರು. ಸಿಯಾಟಲ್‌ನಲ್ಲಿ ಒಬ್ಬ ಪಾದ್ರಿ ತಮ್ಮ ಹುಡುಗರ ಕ್ಲಬ್ಬಿನಲ್ಲಿ ಜಾಗ ಕೊಟ್ಟರು. ಬದಲಿಗೆ ಆ ಹುಡುಗರಿಗೆ ಮರಗೆಲಸ ಕಲಿಸಬೇಕಿತ್ತು. ಎಂಐಟಿ ಪದವೀಧರ ಒಬ್ಬರ ಮೊದಲ ಬಡಗಿ ಅಂಗಡಿ ಅದು.

ಪ್ರಸಿದ್ಧರ ಕೆಲಸ ಎಂಬ ಒಂದೇ ಕಾರಣಕ್ಕೆ ಅವರು ಮೆಚ್ಚಲಿಲ್ಲ. ಇದನ್ನು ನಿಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಿ. ನಾನು ಹೊಗಳುತ್ತಿದ್ದೇನೆ ಎಂಬ ಕಾರಣಕ್ಕೆ ನಕಾಶಿಮಾ ಅವರನ್ನೂ ಹಾಗೆ ಮೆಚ್ಚಬೇಡಿ. ಪರೀಕ್ಷೆ ಮಾಡಿ ಮೆಚ್ಚಿ.

1941ರ ಕೊನೆಯಲ್ಲಿ ಜಪಾನು ಪರ್ಲ್ ಹಾರ್ಬರ್ ಮೇಲೆ ಬಾಂಬು ಹಾಕಿತು. ಮರುವರ್ಷ ಅಮೆರಿಕ ಸರ್ಕಾರ ತನ್ನ ಪಶ್ಚಿಮ ಕರಾವಳಿಯ ಜಪಾನಿ ಮೂಲದವರನ್ನು, ಸುಮಾರು 1,20,000 ಮಂದಿಯನ್ನು, ಮನೆಯಿಂದ ಎಬ್ಬಿಸಿ ಶಿಬಿರಗಳಲ್ಲಿ ಕೂಡಿಹಾಕಿತು. ಅವರಲ್ಲಿ ಹೆಚ್ಚಿನವರು ಅಲ್ಲೇ ಹುಟ್ಟಿದ ಪ್ರಜೆಗಳು. ನಕಾಶಿಮಾ, ಅವರ ಹೆಂಡತಿ ಮರಿಯನ್, ಆ ವರ್ಷವೇ ಹುಟ್ಟಿದ ಹಸುಗೂಸು ಮೀರಾ ಐಡಾಹೊ ರಾಜ್ಯದ ಮಿನಿಡೋಕ ಶಿಬಿರಕ್ಕೆ ಹೋದರು. ಸುತ್ತ ಕುರುಚಲು ಗಿಡದ ಒಣ ಬಯಲು. ಅಲ್ಲಿ ಅವರಿಗೆ ಗೆಂತಾರೊ ಹಿಕೊಗಾವಾ ಎಂಬ ಬಡಗಿ ಸಿಕ್ಕಿದರು. ಜಪಾನಿನ ಸಾಂಪ್ರದಾಯಿಕ ಪದ್ಧತಿಯಲ್ಲಿ ಪಳಗಿದ ಕೈ. ಮೂವತ್ತೇಳರ ಹರೆಯದ, ದೊಡ್ಡ ಪದವಿ ಇದ್ದ, ಮೂರು ದೇಶದಲ್ಲಿ ಕೆಲಸ ಮಾಡಿದ್ದ ನಕಾಶಿಮಾ ಆ ಬಡಗಿಯ ಕೈಕೆಳಗೆ ನಿಂತು ಕಲಿತರು. ಜಪಾನಿ ಗರಗಸ, ಉಳಿ ಹಿಡಿಯುವುದನ್ನು ಕಲಿತರು, ಹತಾರ ಮಸೆಯುವುದನ್ನು ಕಲಿತರು, ಜಾಯಿಂಟು ಕೂರಿಸುವುದನ್ನು ಕಲಿತರು. ಸಿಕ್ಕಿದ್ದು ಎಸೆದ ಹಲಗೆ ಚೂರುಗಳು ಮತ್ತು ಬಯಲಲ್ಲಿ ಬೆಳೆಯುವ ಪೊದೆಯ ಗಂಟುಗಂಟು ಮರ. ಅದರಲ್ಲೇ ಶಿಬಿರದ ಕೋಣೆಗಳನ್ನು ವಾಸಕ್ಕೆ ಯೋಗ್ಯ ಮಾಡುವ ಪ್ರಯತ್ನ ಮಾಡಿದರು. ಅನ್ಯಾಯವಾಗಿ ಸೆರೆಯಲ್ಲಿದ್ದವರು ಅವರು. ಆ ಅನ್ಯಾಯವನ್ನು ನಾನು ಯಾವ ಕಾರಣಕ್ಕೂ ಹಗುರ ಮಾಡಿ ಹೇಳಲಾರೆ. ಆದರೆ ನನ್ನ ವಿದ್ಯಾರ್ಥಿಗಳು ಹತಾರ ಸರಿಯಿಲ್ಲ, ಮರ ಸರಿಯಿಲ್ಲ ಎಂದು ಕೈ ಕಟ್ಟಿ ಕೂತಾಗಲೆಲ್ಲ ಈ ಇಬ್ಬರ ಕಥೆ ಹೇಳಿದ್ದೇನೆ. 1943ರಲ್ಲಿ ರೇಮಂಡ್ ಅವರು ಜಾಮೀನು ನಿಂತು ಈ ಕುಟುಂಬವನ್ನು ಪೆನ್ಸಿಲ್ವೇನಿಯಾದ ನ್ಯೂ ಹೋಪ್ ಊರಿಗೆ ಕರೆಸಿಕೊಂಡರು. ಅಲ್ಲಿಯೇ ನಕಾಶಿಮಾ ನೆಲೆನಿಂತರು. ಮನೆ, ಕೆಲಸದ ಶೆಡ್ಡು, ಮರ ಒಣಗಿಸುವ ಕೊಟ್ಟಿಗೆ ಎಲ್ಲವನ್ನೂ ಅಲ್ಲೇ ಒಂದೊಂದಾಗಿ ಕಟ್ಟಿದರು. 2014ರಲ್ಲಿ ಆ ಜಾಗ ಅಮೆರಿಕದ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಪಡೆಯಿತು.

ಅವರ ಕೆಲಸದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ಮೂರು: ತೊಗಟೆಯ ಒಳಗಿನ ಸಹಜ ಅಂಚನ್ನು ನೇರ ಕೊಯ್ಯದೆ ಉಳಿಸಿದ್ದು, ಬಿರುಕು ಗಂಟುಗಳನ್ನು ಮುಚ್ಚದೆ ಇಟ್ಟದ್ದು, ಆ ಬಿರುಕಿಗೆ ಅಡ್ಡ ಕೂರಿಸಿದ ಚಿಟ್ಟೆಯಾಕಾರದ ಬೆಣೆ. ನಮ್ಮ ಕಣ್ಣಿಗೆ ಅದು ಡಮರು. ನಡು ಸಣ್ಣ, ಎರಡೂ ತುದಿ ಅಗಲ. ಇದೊಂದನ್ನು ಹತ್ತಿರದಿಂದ ನೋಡೋಣ. ಇದೊಂದು ಅರ್ಥವಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ದಪ್ಪ ಹಲಗೆಯ ತುದಿಯಲ್ಲಿ ಬಿರುಕು ಬಿಟ್ಟಿದೆ ಎನ್ನಿ. ಒಣಗುವಾಗ ಮರ ಎಳೆಗೆ ಅಡ್ಡವಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಆದ್ದರಿಂದ ಬಿರುಕು ಎಳೆಯ ಉದ್ದಕ್ಕೆ ಓಡುತ್ತದೆ. ಇನ್ನೊಂದು ಬೇಸಿಗೆ ಕಂಡರೆ ಇನ್ನಷ್ಟು ಓಡುತ್ತದೆ. ಅದನ್ನು ತಡೆಯಬೇಕಾದರೆ ಬಿರುಕಿನ ಎರಡೂ ದಡವನ್ನು ಹಿಡಿದಿಡುವ ಏನಾದರೊಂದು ಬೇಕು. ಡಮರು ಬೆಣೆ ಮಾಡುವುದು ಅದನ್ನೇ. ಬೆಣೆಯನ್ನು ಹಲಗೆಗಿಂತ ಗಟ್ಟಿ ಮರದಲ್ಲಿ ಮೊದಲು ತಯಾರಿಸಿಕೊಳ್ಳಬೇಕು. ಅದರ ಎಳೆ ಬೆಣೆಯ ಉದ್ದಕ್ಕೆ, ಅಂದರೆ ಬಿರುಕಿಗೆ ಅಡ್ಡವಾಗಿ ಇರಬೇಕು. ಎಳೆ ತಿರುಗಿ ಬಂದರೆ ಸಣ್ಣ ನಡುವಿನಲ್ಲೇ ಪಟ್ಟನೆ ಮುರಿಯುತ್ತದೆ. ಬೆಣೆಯ ಪಕ್ಕಗಳಿಗೆ ಕೆಳಮುಖವಾಗಿ ಕೂದಲೆಳೆಯಷ್ಟು ಇಳಿಜಾರು ಕೊಡಬೇಕು, ಬಡಿದಂತೆ ಬಿಗಿಯಾಗಲು. ಅದನ್ನು ಹಲಗೆಯ ಮೇಲಿಟ್ಟು ಚಾಕುವಿನ ಮೊನೆಯಲ್ಲಿ ಸುತ್ತ ಗೀರಬೇಕು. ಪೆನ್ಸಿಲ್ ಗೆರೆ ದಪ್ಪವಾಗುತ್ತದೆ. ಗೀರಿದ ಒಳಗೆ ಉಳಿಯಲ್ಲಿ ಗುಳಿ ತೆಗೆಯಬೇಕು. ಹಲಗೆಯ ಅರ್ಧ ದಪ್ಪಕ್ಕಾದರೂ ಇಳಿಯಬೇಕು, ಮೂಲೆಗಳು ಚೊಕ್ಕವಾಗಿರಬೇಕು. ಅಂಟು ಸವರಿ, ಕೊಡತಿಯಲ್ಲಿ ಮೆಲ್ಲಗೆ ಬಡಿದು ಕೂರಿಸಬೇಕು. ಬಡಿಯುವಾಗ ಸದ್ದು ಬದಲಾಗುತ್ತದೆ. ಬೆಣೆ ತಳ ಮುಟ್ಟಿದ್ದು ಕಿವಿಗೆ ಗೊತ್ತಾಗುತ್ತದೆ. ಮೇಲೆ ಉಳಿದ ಎತ್ತರವನ್ನು ಮಾರನೇ ದಿನ ಉಜ್ಜುಗೊರಡಿನಲ್ಲಿ ತೆಗೆಯಬೇಕು. ಹೀಗೆ ಕೂರಿಸಿದ ಬೆಣೆಯ ಸುತ್ತ ಉಗುರು ಆಡಿಸಿದರೆ ಎಲ್ಲಿಯೂ ಸಿಕ್ಕಬಾರದು.

ಈಗ ಪೇಟೆಯಲ್ಲಿ ಮಾರುವ ಕೆಲವು ಮೇಜುಗಳನ್ನು ನೋಡಿ. ಬಿರುಕೇ ಇಲ್ಲದ ಕಡೆ ಡಮರು ಇದೆ. ಸಾಲಾಗಿ ಮೂರು ಇವೆ, ನೋಡಲು ಲಕ್ಷಣ ಎಂದು. ಯಂತ್ರದಲ್ಲಿ ಕೊರೆದ ಗುಳಿಯಲ್ಲಿ ತೆಳು ಚೂರು ಅಂಟಿಸಿದ್ದಾರೆ. ಅದು ಏನನ್ನೂ ಹಿಡಿದಿಲ್ಲ. ಇನ್ನು ಕೆಲವದರಲ್ಲಿ ಹಸಿ ಹಲಗೆಯ ನಡುವೆ ಬಣ್ಣದ ರಾಳ ಹೊಯ್ದು ನದಿಯೆಂದು ಕರೆದಿರುತ್ತಾರೆ; ಎರಡು ಬೇಸಿಗೆ ಕಳೆಯುವುದರಲ್ಲಿ ಮರ ಕುಗ್ಗಿ ಅಲ್ಲಿ ಸಂದು ಬಿಡುತ್ತದೆ. ಯಂತ್ರದ ಮೇಲೆ ನನಗೆ ದ್ವೇಷವಿಲ್ಲ. ನಕಾಶಿಮಾ ಅವರ ಶೆಡ್ಡಿನಲ್ಲೂ ಯಂತ್ರಗಳಿದ್ದವು. ಹಲಗೆ ಕೊಯ್ಯಲು, ಮಟ್ಟ ಮಾಡಲು ಅವರು ಅವನ್ನು ಬಳಸುತ್ತಿದ್ದರು, ಮರ ಏನು ಕೇಳುತ್ತದೆಂದು ತೀರ್ಮಾನಿಸಲು ಬಳಸುತ್ತಿರಲಿಲ್ಲ. ನನಗೆ ನೋವಾಗುವುದು ಬೇರೆ ಕಾರಣಕ್ಕೆ. ನಕಲು ಮಾಡಿದವರು ಮೇಜನ್ನು ಮೆಚ್ಚಿದ್ದಾರೆ, ನಿಜ. ಆದರೆ ಮೇಲಿಂದ ಮಾತ್ರ ಮೆಚ್ಚಿದ್ದಾರೆ. ಬೆಣೆ ಯಾಕೆ ಬಂತು ಎಂದು ಕೇಳಿದ್ದರೆ ಅದನ್ನು ಬಿರುಕಿಲ್ಲದ ಕಡೆ ಇಡುತ್ತಿರಲಿಲ್ಲ.

ಬೆಣೆಗಿಂತ ಮುಂಚಿನದು ಹಲಗೆ. ಅದರ ವಿಷಯದಲ್ಲಿ ನಕಾಶಿಮಾ ಇನ್ನೂ ಕಟ್ಟುನಿಟ್ಟು. ಬೆಲೆಬಾಳುವ ದಿಮ್ಮಿ ಕೊಯ್ಯುವಾಗ ಸಾ ಮಿಲ್ಲಿನಲ್ಲಿ ತಾವೇ ನಿಲ್ಲುತ್ತಿದ್ದರು. ಎಲ್ಲಿ ಕೊಯ್ದರೆ ಒಳಗಿನ ಎಳೆ ಹೇಗೆ ತೆರೆದುಕೊಳ್ಳುತ್ತದೆ ಎಂಬ ತೀರ್ಮಾನ ಒಂದೇ ಸಲ ಮಾಡುವಂಥದ್ದು. ಕೊಯ್ದ ಮೇಲೆ ಹಿಂದಕ್ಕೆ ಹೋಗಲಾಗದು. ಒಂದು ದಿಮ್ಮಿಯ ಹಲಗೆಗಳನ್ನು ಕೊಯ್ದ ಕ್ರಮದಲ್ಲೇ, ನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ಜೋಡಿಸಿಡುತ್ತಿದ್ದರು. ಒಂದಿಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಎಂಬುದು ಬಡಗಿಗಳ ಹಳೆಯ ಲೆಕ್ಕ. ಒಂದರ ಪಕ್ಕ ಒಂದಿದ್ದ ಎರಡು ಹಲಗೆಗಳನ್ನು ಪುಸ್ತಕ ಬಿಡಿಸಿದಂತೆ ತೆರೆದಿಟ್ಟರೆ ಎಡಬಲದ ಎಳೆ ಹೊಂದಿ ಬರುತ್ತದೆ. ಅವರ ದೊಡ್ಡ ಮೇಜುಗಳ ಚೆಲುವು ಅಲ್ಲಿದೆ. ಆ ಚೆಲುವು ತೋರಿಸಲು ಎಷ್ಟೋ ವರ್ಷ ಕಾದಿರಬೇಕು. ಕೆಲವು ಹಲಗೆಗಳು ತಮಗೆ ತಕ್ಕ ಗಿರಾಕಿ ಬರುವವರೆಗೆ ಅಲ್ಲೇ ನಿಂತಿದ್ದವು.

ನಕಾಶಿಮಾ ಅವರ ಈ ಕ್ರಮದ ಬಗ್ಗೆ ಓದುವಾಗ ನನಗೆ ನಮ್ಮ ಸೀಮೆಯ ಒಬ್ಬ ಹಿರಿಯ ಆಚಾರಿಯವರು ನೆನಪಾಗುತ್ತಾರೆ. ಹೆಸರು ಬೇಡ, ಅವರಿಗೂ ಅದು ಇಷ್ಟವಾಗುತ್ತಿರಲಿಲ್ಲ. ಹಲಸಿನ ಹಲಗೆಗಳನ್ನು ಅಟ್ಟದ ಮೇಲೆ, ಕೊಯ್ದ ಕ್ರಮದಲ್ಲೇ ಸುಣ್ಣದಲ್ಲಿ ಗುರುತು ಹಾಕಿ ಇಟ್ಟಿರುತ್ತಿದ್ದರು. ಗೃಹಪ್ರವೇಶದ ದಿನ ಗೊತ್ತಾಗಿದೆ, ಬಾಗಿಲು ಬೇಗ ಆಗಲಿ ಎಂದು ಮನೆಯವರು ಅವಸರ ಮಾಡಿದಾಗ ನನ್ನನ್ನು ಮಧ್ಯಸ್ಥಿಕೆಗೆ ಕರೆದಿದ್ದರು. ಆಚಾರಿಯವರು ಹಲಗೆಯ ತುದಿಯನ್ನು ಬೆರಳಿನಿಂದ ತಟ್ಟಿ ನೋಡಿ ಹೇಳಿದರು: ‘ಮೇಷ್ಟ್ರೇ, ಇದಿನ್ನೂ ಹದಕ್ಕೆ ಬಂದಿಲ್ಲ. ಇನ್ನೊಂದು ಮಳೆಗಾಲ ಕಳೀಲಿ. ಅಲ್ಲೀತನಕ ಹಳೇ ಬಾಗ್ಲು ಹಾಕ್ಕೊಡ್ತೇನೆ, ದುಡ್ಡು ಬೇಡ.’ ಹಾಗೇ ಮಾಡಿದರು. ಬಾಗಿಲು ಮರುವರ್ಷ ಬಂತು. ಚೌಕಟ್ಟಿಗೆ ಕಾಲುವೆಯಂಥ ಗಾಡಿ ಕೊರೆದು ಹಲಗೆಯನ್ನು ಅದರೊಳಗೆ ಸುಮ್ಮನೆ ಕೂರಿಸಿದ್ದರು, ಅಂಟಿಲ್ಲ, ಮೊಳೆಯಿಲ್ಲ. ಮಳೆಗಾಲದಲ್ಲಿ ಹಲಗೆ ಉಬ್ಬಲು ಜಾಗ ಬೇಕು, ಬೇಸಿಗೆಯಲ್ಲಿ ಕುಗ್ಗಲು ಜಾಗ ಬೇಕು, ಚೌಕಟ್ಟು ಮಾತ್ರ ಅಲುಗಬಾರದು. ಆ ಬಾಗಿಲು ಇಂದಿಗೂ ಆಷಾಢದಲ್ಲಿ ಬಿಗಿಯಾಗುವುದಿಲ್ಲ. ಮರಗೆಲಸದ ಪುಸ್ತಕದಲ್ಲಿ ನಾಲ್ಕು ಪುಟದಲ್ಲಿ ಬರೆಯುವ ಮರದ ಚಲನೆಯ ನಿಯಮವನ್ನು ಅವರು ಪುಸ್ತಕವಿಲ್ಲದೆ ತಿಳಿದಿದ್ದರು. ನ್ಯೂ ಹೋಪಿನ ಹೆಸರನ್ನೂ ಕೇಳಿರದ ಅವರ ಕೆಲಸವನ್ನು ನಾನು ನಕಾಶಿಮಾ ಅವರ ಕೆಲಸದ ಪಕ್ಕದಲ್ಲೇ ಇಡುತ್ತೇನೆ, ಒಂದು ಮೆಟ್ಟಿಲು ಕೆಳಗಲ್ಲ.

ಇನ್ನು ಗಿರಾಕಿಗಳ ಮಾತು. ನಿಮ್ಮಲ್ಲಿ ಎಲ್ಲರೂ ಬಡಗಿಗಳಾಗುವುದಿಲ್ಲ. ಹೆಚ್ಚಿನವರು ಸಂಬಳ ಬಂದ ಮೇಲೆ ಮನೆಗೊಂದು ಮೇಜು, ಮಂಚ, ದೇವರ ಮಂಟಪ ಮಾಡಿಸುವವರು. ನೀವೂ ಕೇಳಿ. ನಕಾಶಿಮಾ ಅವರಲ್ಲಿಗೆ ಹೋದ ಗಿರಾಕಿ ಮೊದಲು ಮಾತಾಡಬೇಕಿತ್ತು. ಮನೆ ಹೇಗಿದೆ, ಎಷ್ಟು ಜನ, ಮೇಜು ಯಾವ ಕೋಣೆಗೆ ಎಂಬುದೆಲ್ಲ ಮಾತಾಗಿ, ಅವರೇ ಒಂದು ಚಿತ್ರ ಬರೆದು, ಇಬ್ಬರೂ ಕೂಡಿ ಹಲಗೆ ಆರಿಸುತ್ತಿದ್ದರು. ಆರಿಸಿದ ಹಲಗೆಯ ಅಡಿಯಲ್ಲಿ ಗಿರಾಕಿಯ ಹೆಸರು ಬರೆಯುತ್ತಿದ್ದರು. ಅವರ ಹಳೆಯ ಕೆಲಸಗಳಲ್ಲಿ ಬಹುಪಾಲಿನ ಮೇಲೆ ಅವರ ಸಹಿ ಇಲ್ಲ, ಅಡಿಯಲ್ಲಿ ಗಿರಾಕಿಯ ಹೆಸರಿದೆ. ಮೇಜಿನಡಿ ಬಗ್ಗಿ ನೋಡಿದವರಿಗೆ ಮಾತ್ರ ಕಾಣುವ ಹೆಸರು.

ಅಮೆರಿಕದ ಶ್ರೀಮಂತ ರಾಜಕಾರಣಿ ನೆಲ್ಸನ್ ರಾಕ್‌ಫೆಲರ್ 1973ರಲ್ಲಿ ತಮ್ಮ ಮನೆಗೆ ಇನ್ನೂರಕ್ಕೂ ಹೆಚ್ಚು ಪೀಠೋಪಕರಣಗಳನ್ನು ಅವರಿಂದ ಮಾಡಿಸಿಕೊಂಡರು. ದೊಡ್ಡ ಆರ್ಡರ್, ದೊಡ್ಡ ಹೆಸರು ತಂದಿತು. ನನಗೆ ಅದಕ್ಕಿಂತ ಹೆಚ್ಚು ಮುಖ್ಯವಾಗಿ ಕಾಣುವುದು 1989ರ ಸಂಗತಿ. ಪ್ರಿನ್ಸ್‌ಟನ್ನಿನ ಒಂದು ದಂಪತಿ ವರ್ಷ ವರ್ಷ ಒಂದೆರಡರಂತೆ ಮಾಡಿಸಿ ಕೂಡಿಸಿದ್ದ ನೂರಕ್ಕೂ ಹೆಚ್ಚು ಸಾಮಾನುಗಳು ಮನೆಗೆ ಬೆಂಕಿ ಬಿದ್ದು ನಾಶವಾದವು. ಎಂಬತ್ತು ದಾಟಿದ್ದ ನಕಾಶಿಮಾ ಅವನ್ನು ಮತ್ತೆ ಮಾಡಿಕೊಡಲು ಒಪ್ಪಿಕೊಂಡು ಕೆಲಸ ಶುರು ಮಾಡಿದರು. ಮರುವರ್ಷ ಅವರು ತೀರಿಹೋದ ಮೇಲೆ ಮಗಳು ಮೀರಾ, ಶಿಬಿರದಲ್ಲಿ ಹಸುಗೂಸಾಗಿದ್ದ ಅದೇ ಮೀರಾ, ಆ ಕೆಲಸವನ್ನು ಮುಗಿಸಿದರು, ಅಂಗಡಿಯನ್ನೂ ನಡೆಸಿಕೊಂಡು ಬಂದರು. ಸುಟ್ಟುಹೋದದ್ದಕ್ಕೆ ವಿಮೆ ಹಣ ಕೊಡಬಲ್ಲದು. ಅದೇ ಗಿರಾಕಿಗೆ ಅದೇ ಪ್ರೀತಿಯಿಂದ ಮತ್ತೆ ಮಾಡಿಕೊಡುವವರು ಬೇಕಾದರೆ ಕೆಲಸಗಾರರೊಡನೆ ಅಷ್ಟು ವರ್ಷದ ಸಂಬಂಧ ಬೇಕು.

ಆದ್ದರಿಂದ ಒಬ್ಬ ಒಳ್ಳೆಯ ಆಚಾರಿ ಸಿಕ್ಕರೆ ಅವರನ್ನು ಉಳಿಸಿಕೊಳ್ಳಿ. ಒಂದು ಮೇಜಿಗೆ ನಾಲ್ಕು ಕಡೆ ಕೊಟೇಶನ್ ತಂದು ಕೊನೆಗೆ ಎಲ್ಲಕ್ಕಿಂತ ಕಡಿಮೆಯವರಿಗೆ ಕೊಡುವ ಪದ್ಧತಿಯನ್ನು ಮನೆಯ ಮಟ್ಟಿಗಾದರೂ ಬಿಡಿ. ಪ್ಲೈವುಡ್ಡಿನ ಮೇಲೆ ಲ್ಯಾಮಿನೇಟು ಅಂಟಿಸಿದ ಕಪಾಟಿಗೆ ಚೌಕಾಸಿಯಿಲ್ಲದೆ ಲಕ್ಷಗಟ್ಟಲೆ ಕೊಡುವವರು, ಗಟ್ಟಿ ಮರದಲ್ಲಿ ಕೈಯಾರೆ ಜಾಯಿಂಟು ಕೂರಿಸಿದವರ ಕೂಲಿಯಲ್ಲಿ ಐನೂರು ರೂಪಾಯಿ ಮುರಿಯುವುದನ್ನು ನೋಡಿದ್ದೇನೆ. ಅದು ಸರಿಯಲ್ಲ. ಕೆಲಸ ಮುಗಿದಾಗ ಏನು ಚೆನ್ನಾಗಿದೆ ಎಂದು ಅವರೆದುರು ಬಿಡಿಸಿ ಹೇಳಿ. ‘ಈ ಮೂಲೆಯಲ್ಲಿ ಎಳೆ ತಿರುಗಿಸಿ ತಂದದ್ದು ನೋಡಿದೆ ಆಚಾರ್ರೇ’ ಎಂಬ ಒಂದು ಮಾತು ಸಾಕು. ಬರೀ ‘ಸೂಪರ್’ ಎಂದರೆ ನೀವು ನೋಡಿಲ್ಲ ಎಂದು ಅವರಿಗೆ ಗೊತ್ತಾಗುತ್ತದೆ.

ಕೆಲಸ ಕಲಿಯುವವರಿಗೆ ಇನ್ನೊಂದು ಮಾತು. ಮಹಾಮರದ ಆಸೆ ಇಟ್ಟುಕೊಳ್ಳಬೇಡಿ. ನಮ್ಮ ಬೀಟೆ ಈಗ ಸುಲಭಕ್ಕೆ ಸಿಗುವುದಿಲ್ಲ, ಸಿಗಲೂಬಾರದು; ಕಾಡಿನಲ್ಲಿ ಉಳಿದದ್ದು ಸ್ವಲ್ಪ. ಆ ಕುಲದ ಮರಗಳೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿವೆ. ಕಾಗದಪತ್ರವಿಲ್ಲದ ನಾಟಾ ಎಷ್ಟೇ ಅಗ್ಗವಾಗಿರಲಿ ಮುಟ್ಟಬೇಡಿ. ಹಲಸು, ಹೊನ್ನೆ, ಅಕೇಶಿಯಾ, ಮನೆ ಕೆಡವಿದಲ್ಲಿ ಸಿಗುವ ಹಳೇ ತೊಲೆ, ಇವುಗಳಲ್ಲಿ ಕೈ ಪಳಗಿಸಿ. ನೂರು ವರ್ಷ ಸೂರಿನಡಿ ಇದ್ದ ತೊಲೆಗಿಂತ ಚೆನ್ನಾಗಿ ಒಣಗಿದ ಮರ ನಿಮಗೆ ಬೇರೆಲ್ಲೂ ಸಿಗುವುದಿಲ್ಲ. ಮರದ ಜಾತಿ ಗುರುತಿಸುವುದನ್ನು, ಒಣಗಿಸುವುದನ್ನು ಶಾಸ್ತ್ರೀಯವಾಗಿ ತಿಳಿಯಬೇಕೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ, ಅಲ್ಲಿ ತರಬೇತಿಗಳೂ ನಡೆಯುತ್ತವೆ.

ನೋಡಲು ಎಲ್ಲಿಗೆ ಹೋಗಬೇಕು? ಮೈಸೂರು ಅರಮನೆಗೆ ನೀವೆಲ್ಲ ಶಾಲಾ ಪ್ರವಾಸದಲ್ಲಿ ಹೋಗಿದ್ದೀರಿ. ಇನ್ನೊಮ್ಮೆ ಹೋಗಿ. 1897ರಲ್ಲಿ ಸುಟ್ಟುಹೋದ ಮರದ ಅರಮನೆಯ ಜಾಗದಲ್ಲಿ 1912ಕ್ಕೆ ಮುಗಿದ ಕಟ್ಟಡ ಅದು. ಅಂಬಾವಿಲಾಸಕ್ಕೆ ಹೋಗುವ ದಾರಿಯಲ್ಲಿ ದಂತ ಕೂರಿಸಿದ ಬೀಟೆಯ ಬಾಗಿಲ ಮುಂದೆ ಗೈಡ್ ಮುಂದೆ ಹೋದರೂ ನೀವು ನಿಲ್ಲಿ. ದಂತದ ಚೂರಿಗೂ ಮರಕ್ಕೂ ನಡುವಿನ ಗೆರೆಯನ್ನು ಮಾತ್ರ ನೋಡಿ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ. ಕೆಡವಲು ನಿಂತಿದ್ದ ಮನೆಗಳನ್ನು ಬಿಚ್ಚಿ, ತಂದು, ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಒಂದು ಮನೆಯನ್ನು ಹಾಗೆ ಬಿಚ್ಚಿ ಜೋಡಿಸಲು ಆದದ್ದೇ ಅದನ್ನು ಮೊದಲು ಮಾಡಿದ ಆಚಾರಿಗಳು ಬೆಣೆ ಮತ್ತು ಜಾಯಿಂಟಿನ ಮೇಲೆ ನಂಬಿಕೆ ಇಟ್ಟಿದ್ದರಿಂದ. ಕಂಬ ತೊಲೆ ಸೇರುವಲ್ಲಿ ಕತ್ತೆತ್ತಿ ನೋಡಿ. ಸಾಗರ, ಸೊರಬದ ಕಡೆ ಹೋದರೆ ಗುಡಿಗಾರರ ಕೆಲಸ ನೋಡಿ. ನಕಾಶಿಮಾ ಅವರ ಕೆಲಸ ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಖಂಡಕ್ಕೊಂದರಂತೆ ಶಾಂತಿಯ ಮೇಜು ಇರಬೇಕು ಎಂಬುದು ಅವರ ಕೊನೆಗಾಲದ ಆಸೆಯಾಗಿತ್ತು. ಮೊದಲನೆಯದು 1986ರ ಕೊನೆಯಲ್ಲಿ ನ್ಯೂಯಾರ್ಕಿನ ಒಂದು ದೊಡ್ಡ ಚರ್ಚಿನಲ್ಲಿ ನೆಲೆಗೊಂಡಿತು. ಏಷ್ಯಾದ ಪಾಲಿನದು 1996ರಲ್ಲಿ ಪಾಂಡಿಚೇರಿಯ ಪಕ್ಕದ ಆರೋವಿಲ್ಲಿಗೆ ಬಂತು. ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಪಾಂಡಿಚೇರಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಅವರು 1964ರಲ್ಲಿ ಬಂದು, ಅಲ್ಲಿಯ ಮರಗೆಲಸದ ಶೆಡ್ಡಿನಲ್ಲಿ ಮಾಡಲೆಂದು ಕುರ್ಚಿ ಮೇಜುಗಳನ್ನು ರೂಪಿಸಿಕೊಟ್ಟಿದ್ದರು. 1981ರಲ್ಲಿ ಬಂದ ಅವರ ಪುಸ್ತಕ ‘ದ ಸೋಲ್ ಆಫ್ ಎ ಟ್ರೀ’ ಯಾವುದಾದರೂ ಲೈಬ್ರರಿಯಲ್ಲಿ ಸಿಕ್ಕರೆ ಚಿತ್ರಗಳನ್ನು ನಿಧಾನವಾಗಿ ನೋಡಿ. ಅವರ ಕೋನಾಯ್ಡ್ ಎಂಬ ಕುರ್ಚಿಯ ಚಿತ್ರ ಸಿಗುತ್ತದೆ: ಎರಡೇ ಕಾಲು, ಆಸನದ ಮುಂಭಾಗಕ್ಕೆ ಆಧಾರವೇ ಇಲ್ಲದಂತೆ ಕಾಣುತ್ತದೆ. ಕೂತರೆ ಬೀಳುವುದಿಲ್ಲವೇ ಎಂದು ಅದು ಬಂದಾಗ ಜನ ಅನುಮಾನಪಟ್ಟಿದ್ದರು. ಭಾರ ಎಲ್ಲಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಕಾಗದದ ಮೇಲೆ ನೀವೇ ಬರೆದು ನೋಡಿ.

ಇದೆಲ್ಲ ಆಗದಿದ್ದರೆ ನಿಮ್ಮ ಊರಲ್ಲೇ ಇರುವ ಹಿರಿಯ ಆಚಾರಿಯವರ ಶೆಡ್ಡಿಗೆ ಹೋಗಿ. ಅವರ ಮಕ್ಕಳು ಬೇರೆ ಕೆಲಸ ಹಿಡಿದಿರಬಹುದು, ಅವರ ಪೆಟ್ಟಿಗೆಯ ಉಳಿಗಳಿಗೆ ತುಕ್ಕು ಹಿಡಿಯುತ್ತಿರಬಹುದು. ಕೂತು ನೋಡಲು ಅಪ್ಪಣೆ ಕೇಳಿ. ಕಸ ಗುಡಿಸಿ, ಹಲಗೆ ಹಿಡಿದುಕೊಡಿ, ಉಳಿ ಮಸೆದುಕೊಡಿ. ತಮ್ಮ ಜೀವನದಲ್ಲಿ ಮಾಡಿದ ಅತ್ಯುತ್ತಮ ಕೆಲಸ ಯಾವ ಮನೆಯಲ್ಲಿದೆ ಎಂದು ಕೇಳಿ, ಸಾಧ್ಯವಾದರೆ ಅವರನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಆ ಮನೆಗೆ ಹೋಗಿ. ಅವರು ತೋರಿಸುವಾಗ ನಡುವೆ ಮಾತಾಡಬೇಡಿ. ಇದನ್ನು ಮುಂದಿನ ವರ್ಷಕ್ಕೆ ಎಂದು ಇಡಬೇಡಿ, ಈ ಮಳೆಗಾಲಕ್ಕೆ ಮುಂಚೆಯೇ ಹೋಗಿ ಬನ್ನಿ.